‘ನಮ್ಮ ಕೈಯಿಂದ’ ಎಂಬ ಮೊದಲ ಕಾಲಂ

ಮೂವತ್ತೈದಕ್ಕೆ ನಿವೃತ್ತಿ ಎಂದರೆ ಕೇಳಿದವರು ನಗುತ್ತಾರೆ. ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಚರ್ಮದ ವೈದ್ಯೆ ನನ್ನ ಎರಡೂ ಅಂಗೈಗಳನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಇನ್ನು ಕೂಲೆಂಟ್ ಮುಟ್ಟುವ ಕೆಲಸ ನಿಮಗೆ ಮುಗಿಯಿತು ಎಂದಾಗ ನಾನೂ ನಕ್ಕಿದ್ದೆ. ಲೋಹ ಕತ್ತರಿಸುವಾಗ ಬಿಸಿಯೇರದಂತೆ ಯಂತ್ರದೊಳಗೆ ಸುರಿಯುವ, ನೀರು ಬೆರೆಸಿದ ಹಾಲಿನಂತಿರುವ ದ್ರವವೇ ಕೂಲೆಂಟ್. ಹನ್ನೆರಡು ವರ್ಷ ಅದರಲ್ಲಿ ಕೈಯದ್ದಿದ ಮೇಲೆ ನನ್ನ ಚರ್ಮ ಅದನ್ನು ಸಹಿಸುವುದನ್ನು ನಿಲ್ಲಿಸಿತು. ಯಂತ್ರವನ್ನು ಮುಟ್ಟದ ಸರ್ವಿಸ್ ಇಂಜಿನಿಯರ್ ಎಂಬ ಹುದ್ದೆ ಎಲ್ಲಿಯೂ ಇಲ್ಲ.

ಪದವಿ ಮುಗಿಸಿ ಈ ಕೆಲಸಕ್ಕೆಂದು ಬಹ್ರೇನಿಗೆ ಬರುತ್ತಿರುವ ತಂಗಿ ತಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಂತ್ರ ರಿಪೇರಿ ಮಾಡುವುದನ್ನು ನಿಮಗೆ ಯಾರಾದರೂ ಕಲಿಸುತ್ತಾರೆ. ರಿಪೇರಿ ಮುಗಿದ ಮೇಲೆ ತುಂಬುವ ಕಾಗದದ ಬಗ್ಗೆ ಯಾರೂ ಹೇಳುವುದಿಲ್ಲ. ನಾನು ಹೇಳಬೇಕಾದದ್ದು ಆ ಕಾಗದದ ಬಗ್ಗೆ.

ದಾವಣಗೆರೆಯಿಂದ ಬಂದಾಗ ನಾನು ಸೇರಿದ್ದು ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರಗಳನ್ನು ಮಾಡುವ ಜಪಾನಿನ ಕಂಪನಿಯೊಂದರ ಏಜೆನ್ಸಿಯನ್ನು. ಯಂತ್ರ ಮಾರುವುದು, ಕೆಟ್ಟರೆ ಸರಿಪಡಿಸುವುದು ಅದರ ಕೆಲಸ, ಕಚೇರಿ ಮನಾಮಾದಲ್ಲಿ. ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಯಂತ್ರಗಳೆಲ್ಲ ಎಲೆಹಸಿರು ಬಣ್ಣದವಾದ್ದರಿಂದ ವರ್ಕ್‌ಶಾಪುಗಳಲ್ಲಿ ಅದಕ್ಕೆ ‘ಹಸಿರು ಜಪಾನ್’ ಎಂದೇ ಹೆಸರು. ಸರ್ವಿಸ್ ವಿಭಾಗದ ಮುಖ್ಯಸ್ಥರು ಬೆಂಗಳೂರಿನ ಮೂರ್ತಿ ಸಾರ್. ಮೊದಲ ದಿನವೇ ಅವರು ಸರ್ವಿಸ್ ರಿಪೋರ್ಟಿನ ಒಂದು ಕಟ್ಟನ್ನು ನನ್ನ ಮುಂದಿಟ್ಟರು.

“ಇಲ್ಲಿ ‘ಕಾಸ್’ ಅಂತ ಒಂದು ಕಾಲಂ ಇದೆ ನೋಡಿ ವಸುಧಾ. ಯಂತ್ರ ಯಾಕೆ ಕೆಟ್ಟಿತು ಅಂತ. ಡೌಟ್ ಇದ್ರೆ ಓ.ಇ. ಅಂತ ಬರೀರಿ. ಆಪರೇಟರ್ ಎರರ್. ಸೇಫ್.”

“ಡೌಟ್ ಇಲ್ದಿದ್ರೆ ಸಾರ್?”

“ಆಗ್ಲೂ ಸೇಫೇ.”

ಅವರು ಕೆಟ್ಟವರಾಗಿರಲಿಲ್ಲ. ಯಂತ್ರ ಓಡಿಸುವವನ ತಪ್ಪು ಎಂದಾದರೆ ಏಜೆನ್ಸಿಗೂ ಜಪಾನಿಗೂ ಪ್ರಶ್ನೆ ಬರುವುದಿಲ್ಲ ಎಂಬುದನ್ನು ಅವರಿಗೂ ಯಾರೋ ಹೀಗೆಯೇ ಕಲಿಸಿದ್ದರು. ನಾನು ವಿದ್ಯಾರ್ಥಿನಿಯಾಗಿದ್ದಾಗ ಪರೀಕ್ಷಾ ಶುಲ್ಕದ ವಿರುದ್ಧ ಭಾಷಣ ಮಾಡಿದವಳು, ಆಡಳಿತದವರ ಕೋಣೆಯ ಬಾಗಿಲಲ್ಲಿ ಕುಳಿತವಳು. ಆದರೂ ಆ ಎರಡು ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿತೆ. ಬೇರೆಯವರಿಂದ ಉತ್ತರ ಕೇಳುವ ಅಭ್ಯಾಸವಿದ್ದವರಿಗೆ ತಾವು ಉತ್ತರ ಕೊಡುವ ಅಭ್ಯಾಸವೂ ತಾನಾಗಿ ಬಂದುಬಿಡುತ್ತದೆ ಎಂದು ದಯವಿಟ್ಟು ನಂಬಬೇಡಿ.

ನಾನು ಹೆಚ್ಚಾಗಿ ಹೋಗುತ್ತಿದ್ದುದು ಸಿತ್ರಾದ ಒಂದು ವರ್ಕ್‌ಶಾಪಿಗೆ. ಪಂಪುಗಳೊಳಗೆ ತಿರುಗುವ ದಂಡವಾದ ಶಾಫ್ಟ್ ಮಾಡುವ ಜಾಗ. ಅಲ್ಲಿನ ದೊಡ್ಡ ಹಸಿರು ಲೇತನ್ನು ಹದಿನೈದು ವರ್ಷಗಳಿಂದ ಓಡಿಸುತ್ತಿದ್ದವರು ಸಂಜೀವಣ್ಣ, ಕಾರ್ಕಳದ ಕಡೆಯವರು. ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಅವರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು:

“ಓ.ಇ. ಮೇಡಂ ಬಂದ್ರು. ಎಲ್ರೂ ನಿಮ್ಮ ನಿಮ್ಮ ಹೆಸರು ಸರಿಯಾಗಿ ಹೇಳಿ ಮಾರಾಯ್ರೆ, ಸ್ಪೆಲ್ಲಿಂಗ್ ತಪ್ಪಬಾರ್ದು.”

ಅವರ ತಮಾಷೆಯ ಹಿಂದೆ ಕಹಿ ಇತ್ತು. ಆದರೂ ಕಲಿಸುವುದರಲ್ಲಿ ಜಿಪುಣತನವಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುವುದನ್ನು ನನಗೆ ಕಲಿಸಿದ್ದು ಅವರು. “ಒಳ್ಳೆ ಬೇರಿಂಗ್ ಮಾತಾಡುವುದಿಲ್ಲ. ಮಾತಾಡ್ಲಿಕ್ಕೆ ಶುರು ಮಾಡಿದ್ರೆ ಆರು ತಿಂಗಳು, ಅಷ್ಟೇ.” ನಾಲ್ಕು ವರ್ಷದ ಪದವಿಯಲ್ಲಿ ನನಗೆ ಯಾರೂ ಹೀಗೆ ಯಂತ್ರದ ಕಡೆ ಕಿವಿ ಕೊಡಿಸಿರಲಿಲ್ಲ.

ಗ್ಲೌಸಿನ ವಿಷಯ ಮೊದಲು ಗಮನಿಸಿದ್ದೂ ಅವರೇ. ಏಜೆನ್ಸಿ ತರಿಸುತ್ತಿದ್ದುದು ಒಂದೇ ಅಳತೆಯ ರಬ್ಬರ್ ಗ್ಲೌಸ್, ದೊಡ್ಡ ಗಂಡಸರ ಕೈಗೆ ಆಗುವಂಥದ್ದು. ನನ್ನ ಬೆರಳುಗಳ ತುದಿಯಲ್ಲಿ ಅದು ಖಾಲಿಯಾಗಿ ಜೋಲುತ್ತಿತ್ತು, ಸಣ್ಣ ಸ್ಕ್ರೂ ಹಿಡಿಯಲು ಬಿಡುತ್ತಿರಲಿಲ್ಲ. “ಅದನ್ನು ಹಾಕಿ ತಿರುಗುವ ಯಂತ್ರದ ಹತ್ರ ಹೋಗ್ಬೇಡಿ, ಎಳ್ಕೊಂಡ್ರೆ ಕೈಯೇ ಇರ್ಲಿಕ್ಕಿಲ್ಲ” ಎಂದರು ಸಂಜೀವಣ್ಣ. ಚಿಕ್ಕ ಅಳತೆಯದು ಬೇಕೆಂದು ಮೂರ್ತಿ ಸಾರ್‌ಗೆ ಹೇಳಿದೆ. “ನೆಕ್ಸ್ಟ್ ಆರ್ಡರ್‌ನಲ್ಲಿ ನೋಡೋಣ” ಎಂದರು. ನಾನು ಬರಿಗೈಯಲ್ಲಿ ಕೆಲಸ ಮಾಡಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನನ್ನ ಮೂರನೆಯ ಬೇಸಿಗೆ. ಆ ಲೇತಿನ ಪರದೆಯ ಮೇಲೆ ಬ್ಯಾಟರಿ ಬದಲಿಸಿ ಎಂಬ ಸೂಚನೆ ಮಿನುಗುತ್ತಿತ್ತು. ವಿದ್ಯುತ್ ಯಂತ್ರದ ಬಗ್ಗೆ ನಾವೆಲ್ಲ ಕಲಿಯುವ ಮೊದಲ ವಾಕ್ಯವೆಂದರೆ, ಮುಟ್ಟುವ ಮೊದಲು ಸ್ವಿಚ್ ಆರಿಸಬೇಕು. ಶಿಸ್ತಾಗಿ ಮೇನ್ ಸ್ವಿಚ್ ಆರಿಸಿದೆ, ಹಳೆಯ ಬ್ಯಾಟರಿ ತೆಗೆದೆ, ಹೊಸದನ್ನು ಹಾಕಿದೆ, ಸ್ವಿಚ್ ಹಾಕಿದೆ. ಪರದೆಯ ತುಂಬ ಕೆಂಪು ಸಾಲುಗಳು.

ಈ ಯಂತ್ರಗಳಲ್ಲಿ ಮಾತ್ರ ನಿಯಮ ತಿರುಗುಮುರುಗು. ಎಲ್ಲಿಯವರೆಗೆ ಚಲಿಸಬೇಕು, ಎಲ್ಲಿ ನಿಲ್ಲಬೇಕು ಎಂಬ ಸಂಖ್ಯೆಗಳೆಲ್ಲ ಯಂತ್ರದ ನೆನಪಿನಲ್ಲಿರುತ್ತವೆ. ಸ್ವಿಚ್ ಆರಿದಾಗ ಆ ನೆನಪನ್ನು ಕಾಯುವುದು ಆ ಒಂದು ಬ್ಯಾಟರಿ. ಆದ್ದರಿಂದ ಅದನ್ನು ಬದಲಿಸುವುದು ಯಂತ್ರ ಎಚ್ಚರವಿರುವಾಗಲೇ. ಸುರಕ್ಷತೆಯ ಪಾಠವನ್ನು ಚೆನ್ನಾಗಿ ಕಲಿತವರೇ ಈ ತಪ್ಪು ಮಾಡುತ್ತಾರೆ.

“ಎಂತ ಮೇಡಂ, ಅದಕ್ಕೆ ಹುಷಾರಿಲ್ವಾ?” ಎಂದರು ಸಂಜೀವಣ್ಣ.

“ಎರಡು ತಾಸು ಕೊಡ್ರಿ ಸಂಜೀವಣ್ಣ, ಎಲ್ಲಾ ಸರಿ ಮಾಡ್ತೀನಿ.”

ವಿದ್ಯುತ್ ಪೆಟ್ಟಿಗೆಯ ಬಾಗಿಲಿನ ಒಳಗೆ, ಕಾರ್ಖಾನೆಯವರು ಅಂಟಿಸಿದ ಲಕೋಟೆಯಲ್ಲಿ ಆ ಸಂಖ್ಯೆಗಳ ಪಟ್ಟಿಯಿತ್ತು. ಹಾಳೆ ಹಾಳೆಯೂ ಅಂಕಿಗಳೇ. ಬೆವರು ಕಾಗದದ ಮೇಲೆ ತೊಟ್ಟಿಕ್ಕುತ್ತಿರಲು ಒಂದೊಂದನ್ನೇ ಒತ್ತಿದೆ. ಒಂದು ಕಡೆ ಕಾಗದ ಮಡಿಕೆ ಬಿದ್ದಲ್ಲಿ ಮೂರು ನನಗೆ ಎಂಟಾಗಿ ಕಂಡಿತು. ಯಂತ್ರ ಓಡಿತು. ಪೆಟ್ಟಿಗೆಯೊಳಗಿನ ದಾಖಲೆ ಪುಸ್ತಕದಲ್ಲಿ ದಿನಾಂಕ ಬರೆದು ಸಹಿ ಮಾಡಿದೆ. ಮೂರ್ತಿ ಸಾರ್‌ಗೆ ಕೊಟ್ಟ ರಿಪೋರ್ಟಿನಲ್ಲಿ, ಬ್ಯಾಟರಿ ಬದಲಿಸಲಾಗಿದೆ, ಯಂತ್ರ ಸರಿಯಿದೆ ಎಂದಷ್ಟೇ ಬರೆದೆ. ಅದರಲ್ಲಿ ಸುಳ್ಳಿನ ಒಂದು ಶಬ್ದವೂ ಇರಲಿಲ್ಲ. ಹೇಳಬೇಕಾದದ್ದು ಮಾತ್ರ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಕರೆ ಬಂತು. ಟೂಲುಗಳನ್ನು ಹಿಡಿದಿರುವ ಟರೆಟ್ ಎಂಬ ಭಾರಿ ಚಕ್ರ, ಶಾಫ್ಟನ್ನು ಕಚ್ಚಿ ಹಿಡಿದು ತಿರುಗುತ್ತಿದ್ದ ‘ಚಕ್’ಗೆ ಹೋಗಿ ಅಪ್ಪಳಿಸಿತ್ತು. ನಾನು ಹೋದಾಗ ಸಂಜೀವಣ್ಣ ಯಂತ್ರದಿಂದ ನಾಲ್ಕು ಹೆಜ್ಜೆ ದೂರ, ಅದು ತಮ್ಮದಲ್ಲ ಎನ್ನುವಂತೆ ನಿಂತಿದ್ದರು.

“ಅದು ಅಲ್ಲಿ ನಿಲ್ತಿತ್ತು. ಹದಿನೈದು ವರ್ಷ ನಿಂತಿದೆ. ಇವತ್ತು ನಿಲ್ಲಲಿಲ್ಲ.”

“ಕೈಯಿಂದ ಓಡಿಸುವಾಗ ನೋಡ್ಬೇಕಲ್ಲಾ ಸಂಜೀವಣ್ಣ?”

“ನೋಡ್ತಾ ಇದ್ದೆ. ನಿಲ್ತದೆ ಅಂತ ನೋಡ್ತಾ ಇದ್ದೆ.”

ಕಾರಣವನ್ನು ಅವರು ನನ್ನ ಕೈಗೇ ಕೊಟ್ಟಿದ್ದರು. ಬೇರಿಂಗಿನ ಪಿಸುಮಾತಿಗೆ ಕಿವಿಯಿಡಲು ಕಲಿಸಿದವರ ಮಾತಿಗೆ ನಾನು ಕಿವಿಯಿಡಲಿಲ್ಲ. ಕಾಲಂನಲ್ಲಿ ಓ.ಇ. ಎಂದು ಬರೆದು, ಪಕ್ಕದಲ್ಲಿ ಅವರ ಹೆಸರು ಬರೆದು, ಸಹಿಗೆ ಕೊಟ್ಟೆ. ಅವರು ಕಾಗದವನ್ನು ನೋಡಿದರು.

“ಸ್ಪೆಲ್ಲಿಂಗ್ ಸರಿ ಉಂಟು” ಎಂದರು. ಈ ಸಲ ಯಾರೂ ನಗಲಿಲ್ಲ.

ಆ ವರ್ಕ್‌ಶಾಪಿನಲ್ಲಿ ಅಷ್ಟು ದೊಡ್ಡ ಲೇತ್ ಇದ್ದದ್ದು ಅದೊಂದೇ. ಕೆಲಸ ನಿಂತಿತು. ಮ್ಯಾನೇಜರ್ ಯೂಸುಫ್, ಸ್ಥಳೀಯರು, ಮಾತು ಕಡಿಮೆಯವರು; ನಮ್ಮ ರಿಪೋರ್ಟನ್ನು ಓದಿ ಸಂಜೀವಣ್ಣನನ್ನು ಊರಿಗೆ ಕಳಿಸುವುದೆಂದು ತೀರ್ಮಾನಿಸಿದರು. ವೀಸಾ ರದ್ದು ಮಾಡುವ ಕಾಗದ ಮಂದೂಬ್ ಕೈ ಸೇರಿತು. ಸರ್ಕಾರಿ ಕಚೇರಿಗಳಿಗೆ ಓಡಾಡುವ ಮಂದೂಬ್ ಒಮ್ಮೆ ಕಾಗದ ಸಲ್ಲಿಸಿದರೆ ಅದನ್ನು ಹಿಂದಕ್ಕೆ ತರುವುದು ಬಲು ಕಷ್ಟ.

ನಾನೂ ಸಂಜೀವಣ್ಣನ ಮನೆಯವರೂ ಸನದ್ ಎಂಬ ಬಡಾವಣೆಯಲ್ಲಿ ಒಂದೇ ಬೀದಿಯವರು. ಮೂಲೆಯ ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಗೆ ಮೊಸರು ತರಲು ಹೋದಾಗ ಸಂಜೀವಣ್ಣನ ಹೆಂಡತಿ ಶೋಭಕ್ಕ ಸಿಕ್ಕರು. ಅವರ ಮತ್ತು ಮಗಳ ವೀಸಾ ಗಂಡನ ವೀಸಾಕ್ಕೆ ಜೋತುಬಿದ್ದಿತ್ತು. ಅವರ ದನಿಯಲ್ಲಿ ದೂರು ಇರಲಿಲ್ಲ.

“ಮಗಳದ್ದು ಹತ್ತನೇ ಕ್ಲಾಸ್ ಅಲ್ವಾ ಮೇಡಂ. ಪರೀಕ್ಷೆ ಮುಗಿಯುವವರೆಗೆ ಬಿಡ್ತಾರಾ? ನಿಮಗೆ ಆಫೀಸಿನ ವಿಷಯ ಗೊತ್ತಿರ್ತದೆ ಅಂತ ಕೇಳಿದ್ದು.”

ಗೊತ್ತಿಲ್ಲ ಎಂದೆ. ಮೊಸರು ಮರೆತು ಮನೆಗೆ ಬಂದೆ. ಆಗಲೂ ತಪ್ಪು ನನ್ನದೆಂದು ನನಗೆ ತಿಳಿದಿರಲಿಲ್ಲ. ತಿಳಿಯುವ ಪ್ರಯತ್ನವನ್ನೇ ಮಾಡಿರಲಿಲ್ಲ ಎನ್ನುವುದು ಹೆಚ್ಚು ನಿಜ.

ಟರೆಟ್ಟನ್ನು ನೇರಗೊಳಿಸಲು ಜಪಾನಿನಿಂದ ಹಿರಾನೋ ಎಂಬ ಹಿರಿಯ ಇಂಜಿನಿಯರ್ ಬಂದರು. ತೆಳ್ಳಗಿನ ಆಳು, ನಿವೃತ್ತಿಯ ಅಂಚಿನಲ್ಲಿದ್ದವರು. ಯಾರು ಏನು ಮಾಡಿದರು ಎಂದು ಅವರು ಕೇಳಲಿಲ್ಲ. ಎರಡು ದಿನ ಅಳೆದರು, ಸಡಿಲಿಸಿದರು, ಬಿಗಿದರು. ಎರಡನೆಯ ಮಧ್ಯಾಹ್ನ ಪೆಟ್ಟಿಗೆಯ ಬಾಗಿಲು ತೆರೆದು, ಆ ಪಟ್ಟಿಯನ್ನು ಹೊರತೆಗೆದು, ಒಂದೊಂದು ಸಾಲಿಗೂ ಬೆರಳಿಟ್ಟು ಪರದೆಯ ಅಂಕಿಯೊಂದಿಗೆ ಹೋಲಿಸುತ್ತ ಬಂದರು. ಮಡಿಕೆಯ ಬಳಿ ಬೆರಳು ನಿಂತಿತು. ದಾಖಲೆ ಪುಸ್ತಕ ತೆಗೆದು ಕೊನೆಯ ಸಹಿಯನ್ನು ನೋಡಿದರು. ಆಮೇಲೆ ನನ್ನನ್ನು.

ಟರೆಟ್ ನಿಲ್ಲಬೇಕಾದ ಗಡಿಯ ಸಂಖ್ಯೆ ಅದು. ಮೂರರ ಜಾಗದಲ್ಲಿ ಎಂಟು ಒತ್ತಿ ನಾನು ಗಡಿಯನ್ನೇ ಅಳಿಸಿಬಿಟ್ಟಿದ್ದೆ.

ಅವರು ಬೈಯಲಿಲ್ಲ. ಕರಕ್ ಚಹಾದ ಎರಡು ಲೋಟ ತರಿಸಿ, ಚೀಲದಿಂದ ತಮ್ಮ ದೇಶದ ಸರ್ವಿಸ್ ರಿಪೋರ್ಟಿನ ಖಾಲಿ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಅದೇ ಫಾರ್ಮ್, ಆದರೆ ನಮ್ಮದರಲ್ಲಿ ಕಾರಣಕ್ಕೆ ಒಂದು ಕಾಲಂ, ಇದರಲ್ಲಿ ಎರಡು. “ಎರಡನೆಯದು ಗಿರಾಕಿಯ ಕೈಯಿಂದ ಆದದ್ದು. ಮೊದಲನೆಯದು ನಮ್ಮ ಕೈಯಿಂದ ಆದದ್ದು. ಮೊದಲನೆಯದನ್ನು ತುಂಬದೆ ಎರಡನೆಯದನ್ನು ತುಂಬುವಂತಿಲ್ಲ. ನಿಮ್ಮಲ್ಲಿ ಇದನ್ನು ಇಂಗ್ಲಿಷಿಗೆ ತಂದವರು ಮೊದಲ ಕಾಲಂ ಬಿಟ್ಟಿದ್ದಾರೆ” ಎಂದರು ಅವರ ನಿಧಾನದ ಇಂಗ್ಲಿಷಿನಲ್ಲಿ.

ಆಮೇಲೆ ಕಂಪನಿಯ ಕಥೆ ಹೇಳಿದರು. ಅದು ಶುರುವಾದದ್ದು ಲೇತಿನಿಂದಲ್ಲ, ಅಕ್ಕಿ ಗಿರಣಿಗಳ ಶಾಫ್ಟಿನಿಂದ. ಒಂದು ಶೆಡ್ಡು, ಇಬ್ಬರು ಕೆಲಸಗಾರರು, ಒಂದು ಹಳೆಯ ವಿದೇಶಿ ಲೇತು. ಮಾರಿದ ಶಾಫ್ಟುಗಳು ನಡುಗುತ್ತವೆಂದು ಹಿಂದಿರುಗಿ ಬರುತ್ತಿದ್ದವು. ಗಿರಣಿಯವರಿಗೆ ಭತ್ತ ಸುರಿಯಲು ಬರುವುದಿಲ್ಲ ಎಂದು ಯಜಮಾನ ಬೈಯುತ್ತಿದ್ದ. ಒಂದು ದಿನ ಜಗಳವಾಡಲೆಂದೇ ಗಿರಣಿಯೊಂದಕ್ಕೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಕುಳಿತು ನೋಡಿದ. ಭತ್ತ ಸರಿಯಾಗಿಯೇ ಬೀಳುತ್ತಿತ್ತು. ಶಾಫ್ಟೇ ಸೊಟ್ಟ. ಶಾಫ್ಟ್ ಸೊಟ್ಟವಾದದ್ದು, ಉಳಿ ಜಾರುವ ಲೇತಿನ ತಳಪಟ್ಟಿ, ಅಂದರೆ ಹಾಸು, ಸೊಟ್ಟವಾದ್ದರಿಂದ. ಶೆಡ್ಡಿಗೆ ಮರಳಿ, ಆ ಹಾಸಿನ ಮೇಲೆ ಉಬ್ಬುಗಳನ್ನು ತೋರಿಸುವ ನೀಲಿ ಬಣ್ಣ ಬಳಿದು, ಉಬ್ಬಿದಲ್ಲೆಲ್ಲ ಕೈಯುಳಿಯಿಂದ ಕೆರೆದು ಸಮ ಮಾಡತೊಡಗಿದ. ತಿಂಗಳುಗಟ್ಟಲೆ ಹಿಡಿಯಿತು. ಅದು ಮುಗಿಯುವ ಹೊತ್ತಿಗೆ ಅವನಿಗೆ ಲೇತ್ ಮಾಡುವುದು ಬಂದಿತ್ತು. ಗಣಕ ಬಂತು, ಕಾರ್ಖಾನೆ ದೊಡ್ಡದಾಯಿತು, ಯಂತ್ರಗಳು ಕೊಲ್ಲಿಯವರೆಗೂ ಬಂದವು. ಹಾಸನ್ನು ಈಗಲೂ ಕೊನೆಗೆ ಕೈಯಿಂದಲೇ ಕೆರೆಯುತ್ತಾರೆ. ಎರಡು ಕಾಲಂಗಳ ಗೆರೆಯನ್ನು ಆ ಯಜಮಾನನೇ ಎಳೆದದ್ದಂತೆ.

ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. ಸೇರುವಾಗ ಕೊಟ್ಟಿದ್ದ ಕಂಪನಿಯ ಚರಿತ್ರೆಯ ಪುಸ್ತಿಕೆಯನ್ನು ನಾನು ಪೂರ್ತಿ ಓದಿದ್ದೆ. “ನಿಮ್ಮ ಪುಸ್ತಿಕೆಯಲ್ಲಿ ಯುದ್ಧದ ವರ್ಷಗಳಿಗೆ ಒಂದೇ ಸಾಲಿದೆ. ಆಗ ನಿಮ್ಮ ಕಾರ್ಖಾನೆಯಲ್ಲಿ ಏನು ತಯಾರಿಸಿದರು, ಅದು ಯಾರ ಮೇಲೆ ಬಿತ್ತು? ಅಲ್ಲಿ ಮೊದಲ ಕಾಲಂ ತುಂಬಿದವರು ಯಾರು?” ಎಂದು ಕೇಳಿದೆ.

ಹಿರಾನೋ ಲೋಟವನ್ನು ಕೆಳಗಿಟ್ಟರು. “ಯಾರೂ ಇಲ್ಲ. ಅದು ಖಾಲಿ ಇದೆ. ಖಾಲಿ ಇದೆಯೆಂದು ನಮಗೆ ಗೊತ್ತಿದೆ, ಆದರೂ ತುಂಬಿಲ್ಲ. ನೀವು ಕೇಳಿದ್ದು ಸರಿ.” ಹಾಳೆಯನ್ನು ನನ್ನ ಕಡೆ ತಳ್ಳಿದರು. “ಆದರೆ ಈ ಹಾಳೆ ನಿಮ್ಮದು.”

ಆ ಒಂದು ಉತ್ತರಕ್ಕಾಗಿ ನಾನು ಅವರಿಗೆ ಇಂದಿಗೂ ಋಣಿ. ತಮ್ಮ ಮನೆಯ ಖಾಲಿ ಕಾಲಮನ್ನು ಮುಚ್ಚಿಡದ ಮನುಷ್ಯನ ಮುಂದೆ ನನ್ನದನ್ನು ಮುಚ್ಚಿಡಲು ಸಾಧ್ಯವಾಗಲಿಲ್ಲ. ಬರೆದೆ. ಸ್ವಿಚ್ ಆರಿಸಿ ಬ್ಯಾಟರಿ ತೆಗೆದದ್ದು, ಅಂಕಿ ತಪ್ಪು ಒತ್ತಿದ್ದು, ಮರುಪರಿಶೀಲಿಸದೆ ಹೋದದ್ದು, ಆಪರೇಟರ್ ಹೇಳಿದ ಮಾತನ್ನು ಕೇಳದೆ ಅವರ ಹೆಸರು ಬರೆದದ್ದು. ಎರಡನೆಯ ಕಾಲಂನಲ್ಲಿ ‘ಏನೂ ಇಲ್ಲ’ ಎಂದು ಬರೆದೆ.

ಮರುದಿನ ಬೆಳಿಗ್ಗೆ ಅದನ್ನು ಮೂರ್ತಿ ಸಾರ್ ಮೇಜಿನ ಮೇಲಿಟ್ಟೆ. ಓದಿ ಕನ್ನಡಕ ತೆಗೆದರು.

“ಒಂದ್ಸಲ ಓ.ಇ. ಅಂತ ಹೋಗಿರೋ ರಿಪೋರ್ಟ್ ವಾಪಸ್ ತಗೊಳ್ಳೋದು ಅಂದ್ರೆ ಏನು ಗೊತ್ತಾ? ಹಳೇದೆಲ್ಲಾ ಕೇಳ್ತಾರೆ.”

“ಕೇಳ್ಲಿ ಸಾರ್.”

“ನಿಮ್ಮ ಕೆರಿಯರ್ ವಸುಧಾ. ಅವ್ನಿಗೆ ಬೇರೆ ಎಲ್ಲಾದ್ರೂ ಕೆಲಸ ಸಿಗತ್ತೆ. ಖಲ್ಲಿವಲ್ಲಿ, ಹೋಗ್ಲಿ ಅಂತ ಬಿಟ್ಬಿಡಿ.”

“ಮಷಿನ್ ಗುದ್ದಿಸ್ದೋನು ಅಂತ ನಾವೇ ಬರ್ದು ಕೊಟ್ಟಿದೀವಿ ಸಾರ್. ಯಾರು ತಗೋತಾರೆ? ಆ ವಿಮಾನದಾಗೆ ಕೂರ್ಬೇಕಾದೋಳು ನಾನು.”

ಅವರು ಹಾಳೆಯನ್ನು ಮಡಿಸಿ ನನ್ನ ಕಡೆ ಚಾಚಿದರು. “ನಾನು ಇದನ್ನ ನೋಡಿಲ್ಲ ಅಂದ್ಕೊಳ್ಳಿ. ತಗೊಂಡ್ಹೋಗಿ” ಎಂದರು. ಆಗ ನನಗೆ ಅದು ಹೇಡಿತನವಾಗಿ ಕಂಡಿತ್ತು. ತಡೆಯುವ ಅಧಿಕಾರವಿದ್ದೂ ತಡೆಯದಿರುವುದರ ತೂಕ ತಿಳಿಯಲು ನನಗೆ ವರ್ಷಗಳು ಬೇಕಾದವು.

ಸಿತ್ರಾದಲ್ಲಿ ಯೂಸುಫ್ ಹಾಳೆಯನ್ನು ಎರಡು ಸಲ ಓದಿದರು. “ಇದು ನೀನೇ ಬರೆದದ್ದಾ? ಯಾರಾದರೂ ಬರೆಸಿದರಾ?” ಎಂದು ಹಿಂದಿಯಲ್ಲಿ ಕೇಳಿದರು. ನಾನೇ ಎಂದೆ. ಹಿರಾನೋ ಪಕ್ಕದಲ್ಲಿ ನಿಂತಿದ್ದರು. ಯೂಸುಫ್ ಫೋನ್ ಎತ್ತಿ ಮಂದೂಬ್ ಜೊತೆ ಅರಬ್ಬಿಯಲ್ಲಿ ಮಾತಾಡಿದರು. ಅವನು ಆ ಬೆಳಿಗ್ಗೆಯಷ್ಟೇ ಕಾಗದದೊಂದಿಗೆ ಹೊರಟು ದಾರಿಯಲ್ಲಿದ್ದ, ಇನ್ನೂ ಸಲ್ಲಿಸಿರಲಿಲ್ಲ. “ಖಲಾಸ್, ವಾಪಸ್ ಬರ್ತಾನೆ” ಎಂದರು. ನಂತರ ನನ್ನ ಕಡೆ ತಿರುಗಿ, “ಇನ್ನು ಈ ಯಂತ್ರವನ್ನು ನೀನು ಮುಟ್ಟುವಾಗ ಸಂಜೀವ್ ಪಕ್ಕದಲ್ಲಿ ಇರಬೇಕು.” ಅವಮಾನವೆಂದುಕೊಂಡೆ. ಆಮೇಲೆ ಅದೇ ನನ್ನ ಕೆಲಸದ ಕ್ರಮವಾಯಿತು: ಯಾವ ವರ್ಕ್‌ಶಾಪಿಗೆ ಹೋದರೂ ಆ ಯಂತ್ರ ಓಡಿಸುವವರನ್ನು ಪಕ್ಕಕ್ಕೆ ಕರೆದೇ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದೆ.

ಸಂಜೀವಣ್ಣ ಹತ್ತಿ ಬಟ್ಟೆಯಿಂದ ಯಂತ್ರ ಒರೆಸುತ್ತಿದ್ದರು. ಸುದ್ದಿ ನನಗಿಂತ ಮೊದಲೇ ಅವರನ್ನು ತಲುಪಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

“ಈ ಸಲ ಯಾರ ಹೆಸರು?”

“ನನ್ನದು.”

“ಸ್ಪೆಲ್ಲಿಂಗ್ ಸರಿ ಉಂಟಾ ನೋಡ್ಕೊಳ್ಳಿ.” ಆಮೇಲೆ, ಒರೆಸುವುದನ್ನು ನಿಲ್ಲಿಸದೆಯೇ, “ಶೋಭಳಿಗೆ ನಾನೇ ಹೇಳ್ತೇನೆ. ನೀವು ಇವತ್ತು ಮೊಸರು ಮರೀಬೇಡಿ.”

ನನ್ನನ್ನು ಮೂರು ತಿಂಗಳು ಬಿಡಿಭಾಗಗಳ ಕೋಣೆಗೆ ಹಾಕಿದರು. ನ್ಯಾಯವಾಗಿಯೇ ಇತ್ತು. ಆ ಕೋಣೆಯಲ್ಲಿ ಹಳೆಯ ರಿಪೋರ್ಟುಗಳ ಕಡತಗಳೂ ಇದ್ದವು. ನನ್ನ ಕೈಬರಹದ ಓ.ಇ.ಗಳನ್ನೆಲ್ಲ ಎಣಿಸಿದೆ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಎಣಿಸಿದ್ದನ್ನೇ ನೀವು ಪ್ರಾಯಶ್ಚಿತ್ತವೆಂದು ತಿಳಿಯಬಾರದು. ಅವುಗಳಲ್ಲಿ ಕೆಲವು ಹೆಸರಿನವರು ಆಗಲೇ ಊರು ಸೇರಿದ್ದರು. ಅವರಲ್ಲಿ ಎಷ್ಟು ಜನ ನಿಜವಾಗಿ ತಪ್ಪು ಮಾಡಿದ್ದರು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ, ನನಗೂ. ಅಂದಿನಿಂದ ಪ್ರತಿ ರಿಪೋರ್ಟಿನ ಮೇಲೂ ಪೆನ್ನಿನಿಂದ ಗೆರೆ ಎಳೆದು ಮೊದಲ ಕಾಲಂ ಮಾಡಿಕೊಂಡೆ. ಕಚೇರಿಯಲ್ಲಿ ಅದಕ್ಕೆ ‘ವಸುಧಾ ಗೆರೆ’ ಎಂದು ಗೇಲಿ ಮಾಡುತ್ತಿದ್ದರು. ಮೂರ್ತಿ ಸಾರ್ ಗೇಲಿಗೂ ಸೇರಲಿಲ್ಲ, ಗೆರೆಗೂ ಸೇರಲಿಲ್ಲ.

ಈಗ ವಿಧಾನಗಳು ಬದಲಾಗಿವೆ. ಯಂತ್ರದ ನೆನಪೆಲ್ಲ ಉಗುರಿನಷ್ಟು ಕಾರ್ಡಿನಲ್ಲಿ ಕುಳಿತಿದೆ. ಅರ್ಧ ದೋಷಗಳನ್ನು ಕಚೇರಿಯಿಂದಲೇ ನೋಡುತ್ತಾರೆ. ರಿಪೋರ್ಟ್ ಬರೆಯುವುದು ಟ್ಯಾಬ್ಲೆಟ್ಟಿನ ಮೇಲೆ. ಕಾರಣ ಎಂಬಲ್ಲಿ ಬೆರಳಿಟ್ಟರೆ ಪಟ್ಟಿಯೊಂದು ತೆರೆಯುತ್ತದೆ, ಅದರಲ್ಲಿ ಮೊದಲನೆಯದು ಈಗಲೂ ಆಪರೇಟರ್ ಎರರ್. ಪರದೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯಲಾಗುವುದಿಲ್ಲ. ಆದ್ದರಿಂದ ಆ ಪಟ್ಟಿಗಳನ್ನು ತಯಾರಿಸುವವರಿಗೆ ನನ್ನ ಒತ್ತಾಯವಿಷ್ಟು: ಕೈಬಿಟ್ಟ ಕಾಲಮನ್ನು ಮರಳಿಸಿ. ಅದಿಲ್ಲದಿರುವುದು ಅನುವಾದದ ಸಣ್ಣ ಲೋಪವಲ್ಲ. ಯಾರೋ ಒಬ್ಬರ ಮನೆ, ಮಕ್ಕಳ ಶಾಲೆ ಅದರ ಮೇಲೆ ನಿಂತಿರುತ್ತದೆ. ಮತ್ತು ನೀವು, ಹೊಸಬರು, ಅವರು ಮರಳಿಸುವವರೆಗೆ ಕಾಯಬೇಡಿ.

ಕಳೆದ ತಿಂಗಳು ನನ್ನ ಬಿಡುಗಡೆಯ ಕಾಗದ ಸಿದ್ಧವಾಯಿತು. ವೈದ್ಯರ ವರದಿಯ ಕೆಳಗೆ ಕಚೇರಿಯವರು ಕಾರಣವೆಂದು ಟೈಪ್ ಮಾಡಿದ್ದರು: ಉದ್ಯೋಗಿ ಗ್ಲೌಸ್ ಧರಿಸಲಿಲ್ಲ. ಅದನ್ನು ಸಹಿಗೆಂದು ನನ್ನ ಮುಂದಿಡಬೇಕಾದವರು ಮೂರ್ತಿ ಸಾರ್. ಅವರಿಗೂ ಇನ್ನು ಕೆಲವೇ ತಿಂಗಳ ಸೇವೆ. ಕಾಗದವನ್ನು ತಿರುಗಿಸಿ ನೋಡಿದರು. ಡ್ರಾಯರಿನಿಂದ ಸ್ಕೇಲ್ ತೆಗೆದು, ಆ ಸಾಲಿನ ಎಡಕ್ಕೆ ಉದ್ದನೆಯ ಗೆರೆಯೊಂದನ್ನು ನೇರವಾಗಿ ಎಳೆದರು. ಮೇಲೆ ‘ನಮ್ಮ ಕೈಯಿಂದ’ ಎಂದು ಇಂಗ್ಲಿಷಿನಲ್ಲಿ ಬರೆದು ಕೆಳಗೆ ಬರೆಯುತ್ತ ಹೋದರು: ಹನ್ನೆರಡು ವರ್ಷ ಒಂದೇ ಅಳತೆಯ ಗ್ಲೌಸ್ ತರಿಸಿದ್ದೇವೆ. ಚಿಕ್ಕದು ಬೇಕೆಂದು ಇವರು ಕೇಳಿದ್ದರು. ನಾನು ಆರ್ಡರ್ ಮಾಡಲಿಲ್ಲ. ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

“ಆ ಟೈಪ್ ಮಾಡಿರೋ ಲೈನು ಹೊಡ್ದು ಹಾಕ್ಲಾ?” ಎಂದು ಕೇಳಿದರು.

“ಬೇಡ ಸಾರ್. ಅದೂ ನಿಜಾನೇ.”

ಬೆರಳುಗಳಿಗೆಲ್ಲ ಮುಲಾಮು ಹಚ್ಚಿತ್ತು, ಪೆನ್ನು ಜಾರುತ್ತಿತ್ತು, ಕಾಗದವೂ ಮೇಜಿನ ಮೇಲೆ ಸರಿಯುತ್ತಿತ್ತು. ಮೂರ್ತಿ ಸಾರ್ ಎದ್ದು ಬಂದು ಅದರ ಎರಡೂ ಅಂಚುಗಳನ್ನು ತಮ್ಮ ಕೈಗಳಿಂದ ಒತ್ತಿ ಹಿಡಿದರು. ನಾನು ಸಹಿ ಮಾಡಿದೆ.